ಬೆರಳುದ್ದದ ಗೆರೆ

ಐದು ಗಂಟೆಯೊಳಗೆ ಆ ಹಾಳೆಯ ಕೆಳಗೆ ಅವಳ ಸಹಿ ಬೀಳಬೇಕಿತ್ತು. ಗಡಿಯಾರ ಇನ್ನೂ ಹನ್ನೊಂದೂಕಾಲು ತೋರಿಸುತ್ತಿತ್ತು. ಬೇಕಾದಷ್ಟು ಹೊತ್ತಿದೆ ಅಂದುಕೊಂಡಳು, ಅಂದುಕೊಂಡ ಮರುಕ್ಷಣವೇ ಇಷ್ಟು ಹೊತ್ತು ಯಾಕಾದರೂ ಇದೆಯೋ ಅನ್ನಿಸಿತು. ಸರ್ವೆ ಕಚೇರಿಯ ನಕ್ಷೆ ವಿಭಾಗದಲ್ಲಿ ಕಿಟಕಿಯ ಪಕ್ಕದ ಇಳಿಜಾರು ಮೇಜು ಅವಳದು. ಉಳಿದ ಮೇಜುಗಳೆಲ್ಲ ಹೋಗಿ ಕಂಪ್ಯೂಟರುಗಳು ಬಂದು ಹತ್ತು ವರ್ಷವಾಗಿತ್ತು. ಇದೊಂದನ್ನು ಮಾತ್ರ, ಹೊರಗೆ ಸಾಗಿಸಲು ಬಾಗಿಲು ಸಾಲಲಿಲ್ಲವೆಂದೋ ಅವಳೇ ಅದಕ್ಕೆ ಅಂಟಿಕೊಂಡು ಕೂತಿದ್ದಳೆಂದೋ ಬಿಟ್ಟಿದ್ದರು. ಹೊಸದಾಗಿ ಬಂದವರಿಗೆ ಗುಮಾಸ್ತ, ‘ಇದು ಮೇಜು, ಇವರು ಮಸಿಯಕ್ಕ, ಇಬ್ಬರನ್ನೂ ಇಟ್ಟಮೇಲೇ ಸುತ್ತ ಗೋಡೆ ಕಟ್ಟಿದ್ದು’ ಎಂದು ಪರಿಚಯ ಮಾಡಿಸುತ್ತಿದ್ದ. ಅವಳೂ ನಗುತ್ತಿದ್ದಳು. ಮಸಿಯಕ್ಕ ಅನ್ನಿಸಿಕೊಳ್ಳುವುದರಲ್ಲಿ ಒಂದು ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಬೇಕು. ಮೂವತ್ತೊಂಬತ್ತು ವರ್ಷ ಮಸಿ ಹಿಡಿದ ಕೈ ಅದು, ಎಷ್ಟು ತಿಕ್ಕಿ ತೊಳೆದರೂ ತೋರುಬೆರಳಿನ ಪಕ್ಕದ ಕಪ್ಪು ಹೋಗುತ್ತಿರಲಿಲ್ಲ. ಇನ್ನೆರಡು ತಿಂಗಳಿಗೆ ನಿವೃತ್ತಿ. ಯಾವ ತಂಟೆ ತಕರಾರೂ ಇಲ್ಲದೆ ಬಾಗಿಲು ದಾಟಿಬಿಟ್ಟರೆ ಸಾಕು ಅಂತ ಈಚೆಗೆ ದಿನವೂ ಅಂದುಕೊಳ್ಳುತ್ತಿದ್ದಳು.

ಮುಂದೆ ಹರಡಿದ್ದು ‘ಉಪನದಿ ನಾಲ್ಕು’ ಎಂಬುದರ ಹೊಸ ಹಾಳೆ. ಕಡತದಲ್ಲಿ ಅದು ನಾಲ್ಕು. ದಂಡೆಯ ಜನರ ಬಾಯಲ್ಲಿ ಚಿಕ್ಕಹೊಳೆ. ಅವಳ ಅಪ್ಪನ ಬಾಯಲ್ಲಿ ಒಂದು ಕಾಲಕ್ಕೆ ‘ನಮ್ಮ ಹೊಳೆ’. ಆಕಾಶದಿಂದ ತೆಗೆದ ಚಿತ್ರಗಳನ್ನು ಜೋಡಿಸಿ ಕಂಪ್ಯೂಟರು ಬರೆದ ನಕ್ಷೆ. ಹೊಳೆ, ಅದರ ತೊರೆಗಳು, ಸುತ್ತ ಮಾಲೆಯ ಹಾಗೆ ಚುಕ್ಕಿ ಚುಕ್ಕಿಯ ಒಂದು ಗೆರೆ. ಆ ಗೆರೆಯ ಒಳಗೆ ಬಿದ್ದ ಮಳೆಯೆಲ್ಲ ಚಿಕ್ಕಹೊಳೆಗೆ, ಹೊರಗೆ ಬಿದ್ದದ್ದು ಬೆಟ್ಟದಾಚೆಯ ಬೇರೊಂದು ನದಿಗೆ. ನೆತ್ತಿಯ ಹತ್ತಿರ ಒಂದು ಜೌಗು ಇತ್ತು. ಹಳೆಯ ಹಾಳೆಯಲ್ಲಿ ಚುಕ್ಕಿಗೆರೆ ಜೌಗಿನ ಆಚೆ ಬಳಸಿ ಹೋಗಿತ್ತು, ಹೊಸದರಲ್ಲಿ ಈಚೆ. ಅಷ್ಟೇ ವ್ಯತ್ಯಾಸ, ಬೆರಳುದ್ದ. ಹಾಳೆಗೆ ಪಿನ್ನು ಚುಚ್ಚಿ ಒಂದು ಟಿಪ್ಪಣಿ ಇಟ್ಟಿದ್ದರು: ಹಿಂದಿನ ಹಾಳೆಯಲ್ಲಿ ಜೌಗು ಪ್ರದೇಶವು ತಪ್ಪಾಗಿ ಸೇರಿದ್ದಕ್ಕೆ, ಅಂದಿನ ಸರ್ವೇಯರರು ಸ್ಥಳಕ್ಕೆ ಭೇಟಿ ಕೊಡದೆ ಅಂದಾಜಿನ ಮೇಲೆ ಗೆರೆ ಎಳೆದದ್ದೇ ಕಾರಣ. ಕೆಳಗೆ ‘ನೋಡಲಾಗಿದೆ, ಸರಿಯಿದೆ’ ಎಂದು ಅಚ್ಚಾಗಿತ್ತು, ಸಹಿಗೆ ಜಾಗ ಬಿಟ್ಟಿತ್ತು. ಹಳೆಯ ಹಾಳೆಗಳ ಬಗ್ಗೆ ಏನೇ ಬರೆದರೂ ವಿಭಾಗದ ಹಿರಿಯರು ನೋಡಿ ಸಹಿ ಮಾಡಬೇಕೆಂಬುದು ಕಚೇರಿಯ ಪದ್ಧತಿ. ವಿಭಾಗದ ಹಿರಿಯಳು ಅವಳೇ.

‘ಮೇಡಂ, ಈ ಹಳೇ ಹಾಳೆ ನೋಡಿದ್ರಾ?’ ಕನ್ನಡಕದ ಎಂಜಿನಿಯರು ಪಕ್ಕಕ್ಕೆ ಬಂದು ನಿಂತಿದ್ದ. ಅವಳಿಗಿಂತ ಮೂವತ್ತು ವರ್ಷ ಚಿಕ್ಕವನು, ಕೆಲಸದಲ್ಲಿ ಚುರುಕು, ಮನಸ್ಸಿನಲ್ಲಿ ಕಪಟವಿಲ್ಲ. ‘ಎಂಥಾ ಚಂದದ ಕೈ ನೋಡಿ, ಒಂದು ಗೆರೆ ನಡುಗಿಲ್ಲ. ಇಷ್ಟು ಚಂದ ಬರೆದು ಇಷ್ಟು ದೊಡ್ಡ ತಪ್ಪು! ಯಾರಪ್ಪಾ ಈ ಪುಣ್ಯಾತ್ಮ? ಟೆಂಟಲ್ಲೇ ಮಲಗಿ ನಿದ್ದೆ ಹೊಡೆದಿರ್ಬೇಕು.’ ಕಂಪ್ಯೂಟರುಗಳ ಹಿಂದಿನಿಂದ ಇಬ್ಬರು ಮೂವರು ನಕ್ಕರು. ಗುಮಾಸ್ತ ಮಾತ್ರ ನಗಲಿಲ್ಲ. ಆ ಪುಣ್ಯಾತ್ಮ ಯಾರೆಂದು ಅವನಿಗೆ ಗೊತ್ತಿತ್ತು, ತಲೆ ತಗ್ಗಿಸಿ ಮೇಜಿನ ಖಾನೆಯಲ್ಲಿ ಇಲ್ಲದ ಏನನ್ನೋ ಹುಡುಕತೊಡಗಿದ. ಅವಳು ನಕ್ಕಳು. ನಗಬಾರದಿತ್ತು. ಆದರೆ ಹಲ್ಲು ತಾವಾಗಿಯೇ ಹೊರಗೆ ಬಂದವು, ‘ಹೂಂ, ಹಳೇ ಕಾಲದವರು’ ಎಂದೂ ಅಂದುಬಿಟ್ಟಳು. ಅವನು ಹೋದ ಮೇಲೆ ತುಟಿ ಒಣಗಿ ಹಲ್ಲಿಗೆ ಅಂಟಿಕೊಂಡಿತ್ತು, ಮುಚ್ಚಲು ನಾಲಿಗೆಯಿಂದ ಒದ್ದೆ ಮಾಡಿಕೊಳ್ಳಬೇಕಾಯಿತು.

ಬೆಳಿಗ್ಗೆ ಅಪ್ಪ ಕಿಟಕಿಯ ಹತ್ತಿರ ನಿಂತು, ‘ಬಿಸಿಲು ಬಂದಿದೆ, ಅಲ್ವಾ?’ ಎಂದಿದ್ದ. ಬಿಸಿಲು ಅವನ ಮುಖದ ಮೇಲೇ ಬಿದ್ದಿತ್ತು. ‘ಹೌದಪ್ಪ’ ಎಂದಿದ್ದಳು ಇವಳು, ಚಪ್ಪಲಿ ಮೆಟ್ಟಿಕೊಳ್ಳುತ್ತ. ‘ಆ ರಸ್ತೇಲಿ ನಿಂತಿರೋದು ಇಬ್ರು, ಅಲ್ವಾ?’ ‘ಹೌದು, ಇಬ್ರು.’ ಎಂಬತ್ತನಾಲ್ಕು ವರ್ಷ. ಕಣ್ಣಿನ ಡಾಕ್ಟರು ಪ್ರತಿಸಲವೂ ಈ ವಯಸ್ಸಿಗೆ ಇಂಥ ಕಣ್ಣು ಅಪರೂಪ ಅನ್ನುತ್ತಾರೆ. ನೋಡುವುದರಲ್ಲಿ ತೊಂದರೆಯಿಲ್ಲ. ನೋಡಿದ್ದನ್ನು ಇನ್ನೊಬ್ಬರು ಹೌದು ಅನ್ನದೆ ಅವನು ನಂಬುವುದಿಲ್ಲ. ಮೂವತ್ತೊಂದು ವರ್ಷದಿಂದ ಹೀಗೆ. ಅಮ್ಮ ಬದುಕಿದ್ದಾಗ ಆ ಅಲ್ವಾಗಳಲ್ಲಿ ಅರ್ಧ ಅವಳ ಪಾಲಿಗೆ ಹೋಗುತ್ತಿದ್ದವು. ಅವಳು ಹೋಗಿ ಒಂಬತ್ತು ವರ್ಷವಾಯಿತು, ಈಗ ಎಲ್ಲವೂ ಇವಳಿಗೇ. ದಿನಕ್ಕೆ ಇಪ್ಪತ್ತು, ಮೂವತ್ತು. ಒಂದೊಂದು ಅಲ್ವಾಕ್ಕೂ ಹೌದು ಅನ್ನುತ್ತಾಳೆ. ಎಷ್ಟೋ ಸಲ ಸಿಟ್ಟೂ ಬರುತ್ತದೆ. ನಿನ್ನ ಕಣ್ಣೇ ನಿನಗೆ ಕಾಣೋಲ್ವೇನಪ್ಪ ಎಂದು ಒಮ್ಮೆ ರೇಗಿಯೂ ಇದ್ದಳು. ರೇಗಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಿದ್ದಳು.

ಇದೇ ಅಪ್ಪ ಅಲ್ಲವೇ, ಅವಳಿಗೆ ಹನ್ನೊಂದು ತುಂಬಿದ ವರ್ಷದ ಶಾಲೆಯ ರಜೆಯಲ್ಲಿ ಕೈ ಹಿಡಿದು ಚಿಕ್ಕಹೊಳೆಯ ಉದ್ದಕ್ಕೂ ನಡೆಸಿದ್ದು. ಸಂಗಮದಿಂದ ಶುರು. ದೊಡ್ಡ ನದಿ ಕೆಂಪಗೆ, ಚಿಕ್ಕಹೊಳೆ ತಿಳಿಯಾಗಿ. ಸೇರಿದ ಮೇಲೂ ಕಣ್ಣಿಗೆ ಕಾಣುವಷ್ಟು ದೂರ ಎರಡು ಬಣ್ಣ ಅಕ್ಕಪಕ್ಕ ಹರಿಯುತ್ತಿದ್ದವು, ಮಾತು ಬಿಟ್ಟ ಅಕ್ಕತಂಗಿಯರ ಹಾಗೆ. ಆಮೇಲೆ ಬಟ್ಟೆ ಒಗೆಯುವ ಕಲ್ಲುಗಳು, ಹಲಗೆ ಹಾಸಿದ ಕಾಲುಸೇತುವೆ, ನಿಂತುಹೋದ ಹಿಟ್ಟಿನ ಗಿರಣಿ. ಅದರ ಮೇಲಕ್ಕೆ ಹೊಳೆ ಎರಡಾಗುತ್ತಿತ್ತು: ಬಲಕ್ಕೆ ಕಲ್ಲುತೊರೆ, ಎಡಕ್ಕೆ ಜೊಂಡುತೊರೆ. ಅಪ್ಪನಿಗೆ ಒಂದೊಂದು ತಿರುವೂ ಬಾಯಿಪಾಠ. ‘ಮುಂದೆ ಮೂರು ಮರ ಇದೆ, ಮಧ್ಯದ್ದು ವಾಲಿದೆ’ ಅನ್ನುತ್ತಿದ್ದ. ತಿರುಗಿದರೆ ಮೂರು ಮರ, ಮಧ್ಯದ್ದು ವಾಲಿದ್ದು. ಆಗ ಅವಳಿಗೆ ಅಪ್ಪ ಹೇಳಿದ ಮೇಲೆ ಮರಗಳು ಅಲ್ಲಿ ಹೋಗಿ ನಿಲ್ಲುತ್ತವೆ ಅನ್ನಿಸುತ್ತಿತ್ತು. ಎಡಗಡೆಯ ದಿಣ್ಣೆ ಹತ್ತಿಸಿ, ‘ಇಲ್ಲಿ ನಿಂತ್ಕೋ. ಒಂದು ಕಾಲು ಈ ಕಡೆ, ಒಂದು ಕಾಲು ಆ ಕಡೆ. ಈಗ ನಿನ್ನ ಬಲಗಾಲು ನಮ್ಮ ಹೊಳೇದು, ಎಡಗಾಲು ಪರರದು’ ಎಂದಿದ್ದ. ‘ಹಾಗಾದ್ರೆ ಉಗುಳಿದ್ರೆ?’ ಎಂದು ಕೇಳಿ, ಅವಳು ಎರಡೂ ಕಡೆಗೆ ಒಂದೊಂದು ಸಲ ಉಗುಳಿ ನೋಡಿದಳು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ, ‘ಅಗೋ, ಆ ನೆತ್ತಿ ಮೇಲೆ ಬಿದ್ದ ಹನೀನೂ ನಮ್ಮ ಹೊಳೇದೇ ಕಣೇ. ಇನ್ನೂ ಬಂದು ಸೇರಿಲ್ಲ, ಅಷ್ಟೆ’ ಎಂದ. ಅಷ್ಟು ಗಟ್ಟಿ ದನಿ. ಆ ದನಿಯನ್ನು ಅವಳು ಈಗ ಎಲ್ಲಿಂದ ತರಲಿ.

ಮಧ್ಯಾಹ್ನದ ಡಬ್ಬಿ ಬಿಚ್ಚಿದಳು, ಎರಡು ತುತ್ತು ತಿಂದು ಮುಚ್ಚಿದಳು. ಮಸಿಯ ವಾಸನೆ ಬಂದರೆ ಈಗಲೂ ಆ ದಿನವೇ ಮೂಗಿಗೆ ಬರುವುದು. ಇದೇ ಮೇಜು. ಇಪ್ಪತ್ತೆರಡು ವರ್ಷ ಅವಳಿಗೆ. ಅಪ್ಪನ ಕಚೇರಿಯಲ್ಲೇ ಟ್ರೇಸರ್ ಕೆಲಸ ಸಿಕ್ಕಿ ಮೂರು ವರ್ಷ. ಅಪ್ಪ ಬೇಸಿಗೆಯಿಡೀ ಅಲೆದು ತಂದ ಚಿಕ್ಕಹೊಳೆಯ ಪೆನ್ಸಿಲ್ ಹಾಳೆ ಅವಳ ಪಾಲಿಗೆ ಬಂದಿತ್ತು, ಮಸಿ ಹಾಕಲು. ಅವತ್ತು ಬೆಳಿಗ್ಗೆ ಇನ್ನೊಂದು ಹಾಳೆಯಲ್ಲಿ ಅವಳು ಒಂದು ತೊಟ್ಟು ಮಸಿ ಬೀಳಿಸಿದ್ದಳು. ಅಪ್ಪ ಎಲ್ಲ ಟ್ರೇಸರುಗಳ ಎದುರಿಗೇ, ‘ಕಣ್ಣು ಎಲ್ಲಿಟ್ಟಿದ್ಯೇ? ಮನೇಲಿ ಮರೆತು ಬಂದ್ಯಾ?’ ಎಂದ. ಮನೆಯಲ್ಲಿ ಎಂದಿದ್ದರೆ ಒಂದು ಹೊತ್ತಿನ ಮುನಿಸು. ಇಲ್ಲಿ, ಅವಳ ವಯಸ್ಸಿನವರೇ ಆರು ಜನ. ಕಿಸಕ್ಕೆಂದು ನಕ್ಕವರು ಯಾರು ಎಂಬುದು ಕೂಡ ಅವಳಿಗೆ ಇವತ್ತಿನವರೆಗೂ ನೆನಪಿದೆ. ಮುಖ ಉರಿಯಿತು. ಇನ್ನು ಈ ಮನುಷ್ಯನನ್ನು ಏನೂ ಕೇಳುವುದಿಲ್ಲ ಎಂದು ಹಲ್ಲು ಕಚ್ಚಿದಳು.

ಮಸಿ ಹಾಕುವ ಮೊದಲು ಹಾಳೆಯ ಜಿಡ್ಡು ಹೋಗಲೆಂದು ರಬ್ಬರಿನ ಪುಡಿ ಉದುರಿಸಿ, ಅಂಗೈಯಿಂದ ತೇಲಿಸಿ ಸವರುವುದು ಪದ್ಧತಿ. ಹಗುರವಾಗಿ ಸವರಬೇಕು. ಸಿಟ್ಟಿನಲ್ಲಿದ್ದ ಕೈ ಎಲ್ಲಿ ಹಗುರಾಗುತ್ತದೆ? ಪುಡಿ ಊದಿ ನೋಡಿದರೆ ನೆತ್ತಿಯ ಜೌಗಿನ ಹತ್ತಿರ ಚುಕ್ಕಿಗೆರೆ ಬೆರಳುದ್ದ ಅಳಿಸಿಹೋಗಿತ್ತು. ಹತ್ತು ಹೆಜ್ಜೆ ಆಚೆ ಅಪ್ಪ ಕೂತಿದ್ದ, ಅವನು ಸ್ಥಳದಲ್ಲೇ ಅಳತೆ ಬರೆದಿಟ್ಟ ಫೀಲ್ಡ್ ಬುಕ್ಕು ಅವಳ ಮೇಜಿನ ಖಾನೆಯಲ್ಲೇ ಇತ್ತು. ಎದ್ದು ಹೋಗಿ ಕೇಳಬಹುದಿತ್ತು, ಪುಸ್ತಕ ತೆಗೆದರೂ ಸಾಕಿತ್ತು. ಪುಸ್ತಕ ತೆಗೆದರೆ ಅಪ್ಪ ತಲೆಯೆತ್ತಿ ‘ಏನಾಯ್ತೇ?’ ಅನ್ನುತ್ತಾನೆ, ಆರು ಜನ ಮತ್ತೆ ತಿರುಗಿ ನೋಡುತ್ತಾರೆ. ಎರಡು ವಾರದ ಹಿಂದೆ ಊಟದ ಹೊತ್ತಿನಲ್ಲಿ ಅವನು ಈ ಜೌಗಿನ ವಿಷಯವನ್ನೇ ಹೇಳುತ್ತಿದ್ದ. ಅಲ್ಲಿ ನೆಲ ಎಷ್ಟು ಸಪಾಟು ಅಂದರೆ ಮಟ್ಟದ ದುರ್ಬೀನಿಗೂ ಇಳಿಜಾರು ತಿಳಿಯಲಿಲ್ಲವಂತೆ. ಹೊಟ್ಟೆಯ ಮೇಲೆ ಮಲಗಿ, ಒಣಹುಲ್ಲಿನ ಚೂರು ನೀರಿಗೆ ಬಿಟ್ಟು, ಉಸಿರು ಬಿಗಿಹಿಡಿದು ನೋಡಿದನಂತೆ. ತಟ್ಟೆಯ ಪಕ್ಕ ಚೆಲ್ಲಿದ ನೀರಿನಲ್ಲಿ ಬೆರಳಿಟ್ಟು ತೋರಿಸುತ್ತಿದ್ದ. ‘ಕೇಳಿಸ್ಕೊಂಡ್ಯಾ?’ ‘ಹೂಂ’ ಎಂದಿದ್ದಳು. ಏನೂ ಕೇಳಿಸಿಕೊಂಡಿರಲಿಲ್ಲ. ಹುಲ್ಲು ಯಾವ ಕಡೆ ಹೋಯಿತು? ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಅಕ್ಕಪಕ್ಕದ ಗೆರೆಗಳ ಬಾಗು ನೋಡಿದಳು, ಜೌಗಿನ ಆಚೆ ಬಳಸಿದರೆ ಚಂದ ಕೂಡುತ್ತಿತ್ತು. ಚಂದವಾಗಿಯೇ ಕೂಡಿಸಿದಳು. ಕೈ ಒಂದಿಷ್ಟೂ ನಡುಗಲಿಲ್ಲ.

ಬೇರೆಯವರ ಹಾಳೆಯಾದರೆ ಅಪ್ಪ ಫೀಲ್ಡ್ ಬುಕ್ಕು ಪಕ್ಕಕ್ಕಿಟ್ಟುಕೊಂಡು ಅಂಗುಲ ಅಂಗುಲ ಹೋಲಿಸುತ್ತಿದ್ದ, ಟ್ರೇಸರುಗಳಿಗೆ ಜೀವ ಬಾಯಿಗೆ ಬರುತ್ತಿತ್ತು. ಇದನ್ನು ಎರಡೂ ಕೈಯಲ್ಲಿ ಎತ್ತಿ ದೂರ ಹಿಡಿದ. ಬೆಳಕಿಗೆ ತಿರುಗಿಸಿದ. ‘ಆಹಾ’ ಎಂದ. ಬೆಳಗಿನದನ್ನು ಮರೆತೇಬಿಟ್ಟಿದ್ದನೋ ಅಥವಾ ಅದಕ್ಕೆ ಪರಿಹಾರ ಅಂದುಕೊಂಡನೋ, ಎಲ್ಲರಿಗೂ ಕೇಳುವ ಹಾಗೆ, ‘ನೋಡ್ರೋ, ಗೆರೆ ಅಂದ್ರೆ ಇದು. ನನ್ನ ಮಗಳ ಕೈ’ ಎಂದು ಹೇಳಿ, ಮೇಜಿಗೂ ಕೂರದೆ ನಿಂತಲ್ಲೇ ಸಹಿ ಹಾಕಿದ. ಅವಳು ಆಗಲಾದರೂ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆರು ಜನರ ಎದುರಿಗೆ ಬೆಳಿಗ್ಗೆ ಹೋದ ಮಾನ ಸಂಜೆ ಮರಳಿ ಬಂದಿತ್ತು, ಅದನ್ನು ಮತ್ತೆ ಕೈಯಾರೆ ಕೊಟ್ಟುಬಿಡಲು ಮನಸ್ಸಾಗಲಿಲ್ಲ. ಬೆರಳುದ್ದ ತಾನೇ ಅಂದುಕೊಂಡಳು.

ಆ ಬೆರಳುದ್ದವನ್ನು ನಂಬಿ ಮೂರು ವರ್ಷದ ಮೇಲೆ ಗಿರಣಿಯ ಹತ್ತಿರ ಒಂದು ಒಡ್ಡು ಕಟ್ಟಿದರು. ಹಾಳೆಯ ಪ್ರಕಾರ ಜೌಗಿನ ನೀರೂ ಅದರ ಹಿಂದಿನ ಬೆಟ್ಟದ ನೀರೂ ಬಂದು ಅದು ತುಂಬಬೇಕಿತ್ತು. ಎರಡು ಮಳೆಗಾಲ ಕಾದರು. ಮೊಣಕಾಲು ಮುಳುಗುವಷ್ಟು ನೀರು ನಿಂತು, ಕೊಳೆತು, ಇಂಗಿತು. ದಂಡೆಯ ಜನ ಅದರೊಳಗೆ ದನ ಬಿಟ್ಟರು. ಕಚೇರಿಯಲ್ಲಿ ವಿಚಾರಣೆ ನಡೆಯಿತು, ಇದೇ ಹಾಲಿನಲ್ಲಿ, ಎಲ್ಲರ ಮುಂದೆ. ‘ನೀನು ಆ ಜೌಗಿಗೆ ಹೋಗಿದ್ಯೇನಯ್ಯಾ?’ ಎಂದು ಕೇಳಿದರು ಆಗಿನ ದೊಡ್ಡ ಸಾಹೇಬರು. ‘ಹೋಗಿದ್ದೆ ಸಾರ್.’ ‘ಹಾಗಾದ್ರೆ ನೀರು ಯಾವ ಕಡೆ ಹೋಗ್ತಿತ್ತು?’ ಅಪ್ಪ ಬಾಯಿ ತೆರೆದವನು ಗೋಡೆಗೆ ತೂಗುಹಾಕಿದ ಹಾಳೆಯ ಕಡೆ ತಿರುಗಿದ. ತನ್ನ ಸಹಿ ಇರುವ ಹಾಳೆ. ಬಹಳ ಹೊತ್ತು ನೋಡಿದ. ‘ಹಾಳೇಲಿ ಇರೋ ಹಾಗೇ ಸಾರ್’ ಎಂದ. ‘ಹಾಳೇಲಿ ಇರೋದು ತಪ್ಪು ಅಂತಲೇ ಅಲ್ವೇನಯ್ಯಾ ಇಷ್ಟು ಜನ ಸೇರಿರೋದು?’ ಎಂದರು ಸಾಹೇಬರು. ಹಾಲಿಗೆ ಹಾಲೇ ನಕ್ಕಿತು. ಫೀಲ್ಡ್ ಬುಕ್ಕು ತರಲು ಹೇಳಿದರು. ಹಳೆಯ ಪುಸ್ತಕಗಳ ಕಪಾಟು ಅವಳ ಸುಪರ್ದಿಯಲ್ಲಿತ್ತು. ಅವಳು ಹೋಗಿ, ಕಪಾಟಿನ ಮುಂದೆ ಐದು ನಿಮಿಷ ನಿಂತು, ಬಂದು, ‘ಸಿಗ್ತಾ ಇಲ್ಲ ಸಾರ್’ ಎಂದಳು. ಅದು ಹಿಂದಿನ ದಿನವೇ ಅವಳ ಕೈಚೀಲದಲ್ಲಿ ಮನೆಗೆ ಹೋಗಿ, ಅವಳ ಪೆಟ್ಟಿಗೆಯ ತಳ ಸೇರಿತ್ತು. ಅಪ್ಪ ಅವಳ ಮುಖ ನೋಡಿದ. ನಂಬಿದ. ಮಗಳು ಹುಡುಕಿದ ಮೇಲೆ ಮುಗಿಯಿತು, ಇಲ್ಲ ಅಂದರೆ ಇಲ್ಲ.

ಅವನನ್ನು ಹೊಳೆ, ಬೆಟ್ಟದ ಕೆಲಸದಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಅಳತೆಯ ಸರಪಳಿ, ಗೂಟ, ಬಾವುಟ ಎಣಿಸಿ ಕೊಡುವುದು, ಎಣಿಸಿ ತೆಗೆದುಕೊಳ್ಳುವುದು. ನಿವೃತ್ತಿಯವರೆಗೂ ಅದೇ. ಅಲ್ಲಿಯೇ ಈ ‘ಅಲ್ವಾ’ ಶುರುವಾಯಿತು. ‘ಇದು ಹನ್ನೆರಡು ಗೂಟ, ಅಲ್ವಾ?’ ಎಂದು ತೆಗೆದುಕೊಂಡು ಹೋಗುವವರನ್ನೇ ಕೇಳುತ್ತಿದ್ದನಂತೆ. ಅವರು ಬೇಕೆಂದೇ ‘ಹದಿಮೂರು’ ಅನ್ನುತ್ತಿದ್ದರಂತೆ. ಅಪ್ಪ ಮತ್ತೆ ಎಣಿಸುತ್ತಿದ್ದನಂತೆ. ಇದನ್ನೆಲ್ಲ ಅವಳಿಗೆ ಬೇರೆಯವರು ನಗುತ್ತ ಹೇಳಿದ್ದರು, ಅವಳು ಕೇಳಿಸಿಕೊಂಡಿದ್ದಳು. ಹೇಳಬೇಕು ಅಂದುಕೊಂಡ ದಿನಗಳಿಗೆ ಲೆಕ್ಕವಿಲ್ಲ. ಅಪ್ಪನ ನಿವೃತ್ತಿಯ ದಿನ ಹೇಳೋಣ ಅಂದುಕೊಂಡಳು, ಅಮ್ಮ ಆಸ್ಪತ್ರೆಯಲ್ಲಿದ್ದಾಗ ಅಂದುಕೊಂಡಳು. ಮದುವೆಯ ಮಾತು ಬಂದಾಗಲೆಲ್ಲ, ಈ ಮನುಷ್ಯನನ್ನು ಬಿಟ್ಟು ಹೋಗುವ ಹಕ್ಕು ತನಗಿಲ್ಲ ಎಂದು ಬೇಡ ಅಂದಳು. ಅಪ್ಪನಿಗೆ ಅದು ಮಗಳ ತ್ಯಾಗ ಎಂದು ಕಂಡಿತು. ಅವನು ಬಂದವರ ಎದುರಿಗೆಲ್ಲ ಹೊಗಳುವಾಗ ಅವಳು ಚಹಾ ಮಾಡುವ ನೆಪ ಹೇಳಿ ಒಳಗೆ ಹೋಗುತ್ತಿದ್ದಳು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಅವಳು ಲೇಖನಿ ತೆಗೆದಳು. ಟಿಪ್ಪಣಿಯ ಕೆಳಗೆ, ಸಹಿಗೆ ಬಿಟ್ಟ ಜಾಗದಲ್ಲಿ, ಬರೆದಳು: ಸರ್ವೇಯರರು ಸ್ಥಳಕ್ಕೆ ಹೋಗಿದ್ದರು. ಅವರ ಗೆರೆ ಸರಿಯಾಗಿತ್ತು. ಮಸಿ ಹಾಕುವಾಗ ಅಳಿಸಿ, ತಪ್ಪಾಗಿ ಎಳೆದವಳು ನಾನು. ಫೀಲ್ಡ್ ಬುಕ್ಕು ನನ್ನಲ್ಲಿದೆ. ಬರೆದದ್ದನ್ನು ಎರಡು ಸಲ ಓದಿದಳು, ಅಕ್ಷರ ಅಂದವಾಗಿದ್ದದ್ದು ನೋಡಿ ನಾಚಿಕೆಯಾಯಿತು. ಹಾಳೆ ಸುತ್ತಿಕೊಂಡು ದೊಡ್ಡ ಸಾಹೇಬರ ಕೋಣೆಗೆ ನಡೆದಳು. ಕನ್ನಡಕದ ಎಂಜಿನಿಯರೂ ಅಲ್ಲೇ ಇದ್ದ. ಸಾಹೇಬರು ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡು ಓದಿದರು.

‘ಅಲ್ಲಮ್ಮಾ, ಇದೇನಿದು? ಇನ್ನೆರಡು ತಿಂಗಳು ಇದೆ ನಿಮಗೆ.’

‘ಅದಕ್ಕೇ ಸರ್. ಆ ಸರ್ವೇಯರ್ ನಮ್ಮಪ್ಪ.’

ಎಂಜಿನಿಯರನ ಮುಖ ಕೆಂಪಾಯಿತು. ‘ಮೇಡಂ, ನಾನು ಬೆಳಿಗ್ಗೆ... ಅಯ್ಯೋ, ನಂಗೆ ಗೊತ್ತಿರಲಿಲ್ಲ ಮೇಡಂ’ ಎಂದ. ಸಾಹೇಬರು ಕೈಯೆತ್ತಿ ಸುಮ್ಮನಿರಿಸಿದರು. ಅವರು ಒಳ್ಳೆಯವರು, ಎಲ್ಲರಿಗೂ ಒಳ್ಳೆಯದಾಗಬೇಕು ಅನ್ನುವವರು. ‘ನೋಡಿ, ಮೂವತ್ತಾರು ವರ್ಷದ ಹಿಂದಿನ ಕಥೆ. ಒಡ್ಡೂ ಒಡೆದುಹಾಕಿ ಆಯ್ತು. ಈಗ ಇದನ್ನೆಲ್ಲ ಕೆದಕಿದ್ರೆ ವಿಚಾರಣೆ ಅಂತಾರೆ, ಕಡತ ಮೇಲೆ ಹೋಗುತ್ತೆ, ನಿಮ್ಮ ನಿವೃತ್ತಿ ಕಾಗದ ನಿಲ್ಲುತ್ತೆ. ಯಾರಿಗೆ ಬೇಕು? ಕಾರಣ ಅನ್ನೋದನ್ನೇ ತೆಗೆದುಬಿಡಿ. ಹಿಂದಿನ ಹಾಳೆಯನ್ನು ಪರಿಷ್ಕರಿಸಲಾಗಿದೆ. ಮುಗೀತು. ನಿಮ್ಮ ತಂದೆ ಹೆಸರೂ ಇಲ್ಲ, ನಿಮ್ಮ ಹೆಸರೂ ಇಲ್ಲ.’ ಎಂಜಿನಿಯರು ಹೋಗಿ ಎರಡು ನಿಮಿಷದಲ್ಲಿ ಹೊಸ ಟಿಪ್ಪಣಿ ಅಚ್ಚು ಹಾಕಿಸಿ ತಂದ. ಒಂದೇ ಸಾಲು. ಅವಳು ಬರೆದದ್ದನ್ನು ಸಾಹೇಬರು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು. ಅವಳು ಸಹಿ ಮಾಡಿದಳು. ಹೊರಗೆ ಬಂದಾಗ ಮೈ ಹಗುರಾಗಿತ್ತು. ಮೆಟ್ಟಿಲಿಳಿಯುವವರೆಗೂ ಆ ಹಗುರ ಇತ್ತು, ಕೊನೆಯ ಮೆಟ್ಟಿಲಲ್ಲಿ ಅವಳಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. ಮೂವತ್ತೊಂದು ವರ್ಷ ಹೊತ್ತ ಮಾತು, ಬುಟ್ಟಿಗೆ ಬಿದ್ದಾಗ ಸದ್ದೂ ಆಗಿರಲಿಲ್ಲ.

ಮನೆಗೆ ಹತ್ತೇ ನಿಮಿಷದ ದಾರಿ. ಇವತ್ತು ಸುತ್ತಿ ಬಳಸಿ ನಡೆದಳು. ಹೇಳಲೇಬೇಕೆಂದೇನೂ ಇಲ್ಲವಲ್ಲ ಈಗ. ಕಾಗದದಲ್ಲಿ ಅಪ್ಪನ ಮೇಲಿನ ಮಾತು ಹೋಯಿತು. ಎಂಬತ್ತನಾಲ್ಕು ವರ್ಷದ ಜೀವ, ನೆಮ್ಮದಿಯಾಗಿದೆ, ಈ ವಯಸ್ಸಿನಲ್ಲಿ ಮಗಳ ಮೇಲಿದ್ದ ಒಂದು ನಂಬಿಕೆಯನ್ನೂ ಕಿತ್ತುಕೊಂಡರೆ ಅವನಿಗೆ ಉಳಿಯುವುದೇನು? ಇದು ಅವನಿಗಾಗಿ ಹೇಳುತ್ತಿರುವ ಮಾತೋ ತನಗಾಗಿಯೋ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಬೀದಿಯ ತಿರುವಿನಲ್ಲಿ ನಿಂತು ಒಂದಷ್ಟು ಹೊತ್ತು ಯಾರದೋ ಅಂಗಡಿಯ ಪಾತ್ರೆಗಳನ್ನು ನೋಡಿದಳು. ಅಂಗಡಿಯವನು ‘ಏನು ಬೇಕಿತ್ತು ಅಕ್ಕಾ?’ ಎಂದಾಗ ಬೆಚ್ಚಿ, ಏನೂ ಬೇಡವೆಂದು ಹೊರಟಳು.

ಅಪ್ಪ ಹೊರಕೋಣೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದ. ಕಿಟಕಿಯಿಂದ ಸಂಜೆಯ ಬಿಸಿಲು ನೆಲದ ಅರ್ಧದವರೆಗೆ ಬಂದಿತ್ತು. ‘ತಡ ಆಯ್ತು ಇವತ್ತು, ಅಲ್ವಾ? ಯಾವ ಹಾಳೆ?’ ದಿನವೂ ಕೇಳುತ್ತಾನೆ. ಯಾವುದೋ ರಸ್ತೆಯದು ಎಂದರೆ ಮುಗಿಯುತ್ತಿತ್ತು. ‘ನಮ್ಮ ಹೊಳೇದು ಅಪ್ಪ’ ಎಂದಳು. ಅವನ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ಆ ಹೊಳೆಯ ಸುದ್ದಿ ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಇನ್ನು ನಿಂತರೆ ಆಗುವುದಿಲ್ಲ ಎಂದು ಅವಳು ಚಪ್ಪಲಿಯನ್ನೂ ಬಿಡದೆ ಒಳಗೆ ಹೋದಳು, ಪೆಟ್ಟಿಗೆಯ ಬಟ್ಟೆಗಳನ್ನೆಲ್ಲ ಹಾಸಿಗೆಯ ಮೇಲೆ ಸುರಿದು, ತಳದಲ್ಲಿದ್ದ ಪುಸ್ತಕ ತಂದು ಅಪ್ಪನ ತೊಡೆಯ ಮೇಲೆ ಇಟ್ಟಳು. ಹಸಿರು ರಟ್ಟು, ಮೂಲೆಗಳು ಸವೆದಿದ್ದವು.

ಅಪ್ಪ ತಕ್ಷಣ ತೆರೆಯಲಿಲ್ಲ. ರಟ್ಟಿನ ಮೇಲೆ ಅಂಗೈ ಇಟ್ಟುಕೊಂಡ. ಆಮೇಲೆ ಮೊದಲ ಪುಟ ತೆರೆದು ಓದತೊಡಗಿದ, ಗಟ್ಟಿಯಾಗಿ, ಬೆರಳು ಇಟ್ಟುಕೊಂಡು. ‘ಸಂಗಮ. ದಂಡೆಯಿಂದ ದಂಡೆಗೆ ಎರಡು ಸರಪಳಿ. ನೀರು ತಿಳಿ.’ ಅವಳು ಎದುರಿಗೆ ನೆಲದ ಮೇಲೆ ಕೂತಳು. ಅಪ್ಪ ನೇರ ಕೊನೆಗೆ ಹೋಗುತ್ತಾನೆ ಅಂದುಕೊಂಡಿದ್ದಳು. ಅವನು ಹೋಗಲಿಲ್ಲ. ಒಂದು ಪುಟವನ್ನೂ ಬಿಡದೆ ನಡೆದ. ಒಗೆಯುವ ಕಲ್ಲುಗಳು ಬಂದವು, ಸೇತುವೆ ಬಂತು. ‘ಈ ಸೇತುವೆ ಹಲಗೆ ಒಂದು ಸಡಿಲ ಇತ್ತು. ಸರಪಳಿ ಹಿಡಿಯೋನು ಕಾಲು ಸಿಕ್ಕಿಸ್ಕೊಂಡು ಬಾಯಿಗೆ ಬಂದ ಹಾಗೆ ಬೈದ’ ಎಂದು ನಕ್ಕ. ಅವಳಿಗೂ ನಗು ಬಂತು. ಗಿರಣಿ ಬಂತು, ಕಲ್ಲುತೊರೆ ಬಂತು. ಕಲ್ಲುತೊರೆಯ ಪುಟವೊಂದರಲ್ಲಿ ಮಳೆಹನಿಯಿಂದ ಅಕ್ಷರ ಕದಡಿತ್ತು; ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕದಡಿದ ಸಂಖ್ಯೆಯನ್ನು ನೆನಪಿನಿಂದಲೇ ಹೇಳಿದ. ಅವನ ಬೆನ್ನು ನೆಟ್ಟಗಾಗಿತ್ತು. ಮೂವತ್ತೊಂದು ವರ್ಷದಲ್ಲಿ ಅವಳು ಅವನನ್ನು ಇಷ್ಟು ಸುಖವಾಗಿ ಕಂಡಿರಲಿಲ್ಲ, ಮತ್ತು ಒಂದೊಂದು ಪುಟ ಮಗುಚಿದ ಹಾಗೂ ನೆತ್ತಿ ಹತ್ತಿರವಾಗುತ್ತಿತ್ತು. ಇಲ್ಲೇ ನಿಲ್ಲಿಸಪ್ಪ ಎಂದು ಅವನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಜೊಂಡುತೊರೆ ಮುಗಿಯಿತು.

‘ಜೌಗು’ ಎಂದು ಓದಿದ. ಆಮೇಲೆ ತುಟಿ ಮಾತ್ರ ಅಲುಗುತ್ತಿತ್ತು. ಬೆರಳು ಒಂದೇ ಸಾಲಿನ ಮೇಲೆ ಹೋಗಿ, ಬಂದು, ಮತ್ತೆ ಹೋಗುತ್ತಿತ್ತು.

‘ಇದು ಎಲ್ಲಿತ್ತು?’

‘ನನ್ನ ಪೆಟ್ಟಿಗೇಲಿ.’

‘ಯಾವತ್ತಿಂದ?’

‘ವಿಚಾರಣೆ ಹಿಂದಿನ ದಿನದಿಂದ. ಗೆರೆ ನನ್ನ ಕೈಯಲ್ಲಿ ಅಳಿಸಿಹೋಗಿತ್ತು ಅಪ್ಪ. ನಿನ್ನನ್ನ ಕೇಳಲಿಲ್ಲ. ನಾನೇ ಎಳೆದೆ. ಆಮೇಲೆ ಹೆದರಿ...’ ಮುಂದಿನದು ಅಳುವಿನಲ್ಲಿ ಹೋಯಿತು. ತಾನು ಅತ್ತರೆ ಅವನು ಸಮಾಧಾನ ಮಾಡಬೇಕಾಗುತ್ತದೆ, ಅದಕ್ಕೂ ತನಗೆ ಹಕ್ಕಿಲ್ಲ ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಆದರೆ ಅಪ್ಪ ಸಮಾಧಾನ ಮಾಡಲಿಲ್ಲ. ಬೈಯಲೂ ಇಲ್ಲ. ಅವನು ಅವಳನ್ನು ನೋಡುತ್ತಲೇ ಇರಲಿಲ್ಲ.

‘ನಿಮ್ಮಮ್ಮ ಕೇಳ್ತಿದ್ಲು’ ಎಂದ, ಪುಟದ ಮೇಲಿನ ಬೆರಳು ತೆಗೆಯದೆ. ‘ನಿಜ ಹೇಳ್ರಿ, ಆ ಜೌಗಿಗೆ ನೀವು ಹೋಗಿದ್ರಾ ಅಂತ. ವರ್ಷಕ್ಕೊಂದು ಸಲ ಆದ್ರೂ ಕೇಳೋಳು. ನಾನು ಹೋಗಿದ್ದೆ ಅಂತಿದ್ದೆ. ಆಸ್ಪತ್ರೇಲಿ ಕೊನೇ ವಾರ ಮತ್ತೆ ಕೇಳಿದ್ಲು. ಅಷ್ಟೊತ್ತಿಗೆ ನನಗೇ ಗೊತ್ತಿರಲಿಲ್ಲ ಕಣೇ, ಹೋಗಿದ್ನೋ, ಕನಸು ಕಂಡ್ನೋ ಅಂತ. ಸಾಯೋ ಜೀವಕ್ಕೆ ಸುಳ್ಳು ಹೇಳಬಾರದು ಅಂದ್ಕೊಂಡು, ಇಲ್ಲ, ಹೋಗಿರಲಿಲ್ಲ ಅಂದುಬಿಟ್ಟೆ. ಅವಳು ಗೋಡೆ ಕಡೆ ತಿರುಗಿಕೊಂಡ್ಲು.’

ಇದು ಅವಳಿಗೆ ಗೊತ್ತಿರಲಿಲ್ಲ. ಆ ವಾರವೆಲ್ಲ ಅವಳು ಅದೇ ಆಸ್ಪತ್ರೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಅಮ್ಮ ಯಾಕೆ ಅಪ್ಪನ ಕೈಯಿಂದ ನೀರು ಕುಡಿಯುತ್ತಿಲ್ಲ ಎಂದು ದಾದಿಯನ್ನು ಕೇಳಿದ್ದಳು, ನೋವಿಗೆ ಹಾಗಾಗುತ್ತದೆ ಎಂದಿದ್ದಳು ದಾದಿ. ಅವಳು ನೆಲ ಹಿಡಿದುಕೊಂಡು ಕೂತಳು. ‘ಅಪ್ಪ’ ಎಂದಳು.

‘ನಿನ್ನ ವಿಚಾರ ಆಮೇಲೆ’ ಎಂದ ಅಪ್ಪ. ಪುಸ್ತಕವನ್ನು ಅವಳ ಕಡೆ ಚಾಚಿದ. ‘ಮೊದಲು ಇದನ್ನ ಓದು.’

ಅಕ್ಷರಗಳು ಕಣ್ಣೀರಿನಲ್ಲಿ ಕದಡುತ್ತಿದ್ದವು. ಒರೆಸಿಕೊಂಡು ಓದಿದಳು: ‘ಜೌಗು. ನಾನೇ ಹೋಗಿ ನೋಡಿದೆ. ಒಣಹುಲ್ಲು ಏಳು ಸಲ ಬಿಟ್ಟೆ. ಏಳು ಸಲವೂ ಬೆಟ್ಟದಾಚೆಗೇ ಹೋಯಿತು. ಈ ಜೌಗು ನಮ್ಮ ಹೊಳೆಯದಲ್ಲ.’

‘ಗಟ್ಟಿಯಾಗಿ ಓದು’ ಎಂದ ಅಪ್ಪ, ಗೋಡೆಯ ಮೇಲಿದ್ದ ಅಮ್ಮನ ಪಟದ ಕಡೆ ನೋಡುತ್ತ. ‘ನಿಮ್ಮಮ್ಮನಿಗೆ ಕಿವಿ ಸ್ವಲ್ಪ ಮಂದ.’

ಅವಳು ದನಿಯೇರಿಸಿ ಮೊದಲಿನಿಂದ ಓದಿದಳು.